ಮುರುಗೆಪ್ಪನವರ ಪರದೆಗೆ ಒಂದು ಭಾಷೆ

೦.೧

ಶುರು ಮಾಡುವುದು ಹೇಗೆ ಅನ್ನುವುದೇ ಮೊದಲ ತೊಡಕು.

ಊರಿನಿಂದ ಶುರು ಮಾಡಬಹುದಿತ್ತು. ಪುಣೆಯ ಹಡಪಸರ, ಸೋಲಾಪುರ ರಸ್ತೆಗೆ ಬೆನ್ನು ಹಾಕಿ ನಿಂತ ಒಂದು ಹಳೆಯ ಕಟ್ಟಡ, ಎರಡನೆಯ ಮಹಡಿ, ಗ್ಯಾಲರಿಯ ಕಂಬಿಗೆ ಒಣಹಾಕಿದ ಸೀರೆ. ಹಾಗೆ ಬರೆದೂ ಆಯಿತು. ಓದಿ ನೋಡಿದರೆ ಬಾಡಿಗೆ ಮನೆಯ ಜಾಹೀರಾತಿನ ಹಾಗೆ ಕೇಳಿಸಿತು.

ಕಾಯಿಲೆಯಿಂದ ಶುರು ಮಾಡಬಹುದಿತ್ತು. 'ಆ ಬೆಳಿಗ್ಗೆ ಮುರುಗೆಪ್ಪನವರ ಕೈಯಿಂದ ಚಹಾದ ಬಸಿ ಜಾರಿತು.' ವಾಕ್ಯವೇನೋ ಚೆನ್ನಾಗಿದೆ. ಆದರೆ ಓದುಗರು ಇನ್ನೂ ಚಪ್ಪಲಿ ಬಿಟ್ಟು ಒಳಗೆ ಬಂದಿಲ್ಲ, ಅಷ್ಟರಲ್ಲೇ ಅವರಿಂದ ಕನಿಕರ ವಸೂಲಿ ಮಾಡಿದಂತಾಯಿತು. ಅದನ್ನೂ ತೆಗೆಯಲಾಯಿತು.

ಉಳಿದದ್ದು ಮೂರನೆಯ ದಾರಿ. ತ್ರಿವೇಣಿ ಕಂಪ್ಯೂಟರಿಗೆ ಒಂದು ಸೀಡಿ ಹಾಕುತ್ತಾಳೆ. ಸೀಡಿ ಗಿರ್ರನೆ ತಿರುಗುತ್ತದೆ. ಪರದೆಯ ಮೇಲೆ ಮೊದಲ ಪ್ರಶ್ನೆ ಮೂಡುತ್ತದೆ: ಯಾವ ಭಾಷೆ? ನೀನು ಯಾರು, ಎಲ್ಲಿರುವೆ, ಈಗ ಗಂಟೆ ಎಷ್ಟು, ಇವೆಲ್ಲ ಆಮೇಲೆ. ಮೊದಲು ಭಾಷೆ.

ಕತೆಗಳಿಗೆ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಈ ಕತೆ ಕನ್ನಡದಲ್ಲಿದೆ. ಬರೆಯುವವಳು ಯೋಚನೆ ಮಾಡಿ ಆರಿಸಿಕೊಂಡದ್ದಲ್ಲ, ಅದು ಹಾಗೆಯೇ ಬಂದದ್ದು.

(ಭಾಗಗಳಿಗೆ ಈ ಸೊನ್ನೆಯ ಲೆಕ್ಕ ಯಾಕೆ ಎಂದು ಕೇಳಬಹುದು. ಆ ಸೀಡಿಯೊಳಗಿನದನ್ನು ತಯಾರಿಸಿ ಪುಕ್ಕಟೆ ಹಂಚುವ ಜನ ತಮ್ಮ ಕೆಲಸ ಅರೆಬರೆ ಇರುವತನಕ ಹೀಗೆಯೇ ಎಣಿಸುತ್ತಾರೆ. ಸೊನ್ನೆ ಹೋಗಿ ಒಂದು ಬಂದರೆ ಕೆಲಸ ಮುಗಿಯಿತೆಂದು ಅರ್ಥ. ಬರೆಯುವವಳಿಗೆ ಅವರ ಈ ಪ್ರಾಮಾಣಿಕತೆ ಹಿಡಿಸಿತು. ಕದ್ದಳು. ಅವರ ನಿಯಮದ ಪ್ರಕಾರ ಅದು ಕಳ್ಳತನವೂ ಅಲ್ಲ.)

೦.೨

ಜನರನ್ನು ಪರಿಚಯ ಮಾಡಿಕೊಡಬೇಕು. ಬಹಳ ಮಂದಿ ಇಲ್ಲ.

ಮುರುಗೆಪ್ಪನವರು ಇಂಡಿ ತಾಲೂಕಿನ ಕಡೆಯವರು. ಚಿಕ್ಕ ವಯಸ್ಸಿನಲ್ಲೇ ರೈಲ್ವೆಗೆ ಸೇರಿ, ದೌಂಡ ಜಂಕ್ಷನ್ನಿನ ಪಾರ್ಸಲ್ ಆಫೀಸಿನಲ್ಲಿ ಗುಮಾಸ್ತರಾಗಿ, ಅಲ್ಲೇ ನಿವೃತ್ತರಾದವರು. ದಿನಾ ಬೆಳಿಗ್ಗೆ ಪ್ಯಾಸೆಂಜರ್ ಗಾಡಿ ಹಿಡಿದು ದೌಂಡಕ್ಕೆ ಹೋಗಿ ದಿನಾ ಸಂಜೆ ಅದೇ ಗಾಡಿಗೆ ಮರಳುವುದು. ನಡುವಿನ ಹೊತ್ತೆಲ್ಲ ಮರಾಠಿ. ದಾಳಿಂಬೆ ಬುಟ್ಟಿ ಕಳಿಸುವ ಶಿರೂರಿನ ವ್ಯಾಪಾರಿಗಳು, ಕುರಕುಂಭದ ಕಾರ್ಖಾನೆಯಿಂದ ಡ್ರಮ್ಮು ತರುವವರು, ಹಮಾಲರು, ಸಾಹೇಬರು, ಎಲ್ಲರ ಜೊತೆಗೂ ಮರಾಠಿ.

ಅದಕ್ಕೇ ಮನೆಯಲ್ಲೊಂದು ಕಾನೂನು ಮಾಡಿದ್ದರು. ಹೊಸ್ತಿಲು ದಾಟಿ ಒಳಗೆ ಬಂದರೆ ಮರಾಠಿ ಬಾಯಲ್ಲಿ ಬರಕೂಡದು. ತ್ರಿವೇಣಿ ಶಾಲೆಯಿಂದ ಬಂದು ಬಾಯಿತಪ್ಪಿ 'ಆಈ' ಎಂದರೆ ಅವರು ಬೈಯುತ್ತಿರಲಿಲ್ಲ. ಬಾಗಿಲ ಕಡೆ ಬೊಟ್ಟು ಮಾಡುತ್ತಿದ್ದರು. ಅವಳು ಹೊರಗೆ ಹೋಗಿ, ಚಪ್ಪಲಿಗಳ ಪಕ್ಕ ಒಂದು ಗಳಿಗೆ ನಿಂತು, ಮತ್ತೆ ಒಳಗೆ ಬಂದು 'ಅವ್ವಾ' ಎನ್ನಬೇಕು. ಇದರಲ್ಲಿ ದ್ವೇಷವೇನೂ ಇರಲಿಲ್ಲ. ಆಫೀಸಿನ ಅವಧೂತ ಅವರ ಆಪ್ತ ಗೆಳೆಯ, ಅಚ್ಚ ಮರಾಠಿಯವನು. ಅವನು ಬಂದರೆ ಮುರುಗೆಪ್ಪನವರು ತಾವೇ ಕುರ್ಚಿ ಎತ್ತಿಕೊಂಡು ಗ್ಯಾಲರಿಗೆ ಹೋಗುತ್ತಿದ್ದರು. ಚಹಾ, ಚೂಡಾ, ನಗು, ಎಲ್ಲ ಅಲ್ಲೇ. ಇಷ್ಟು ವರ್ಷದ ಗೆಳೆತನದಲ್ಲಿ ಅವಧೂತ ಒಮ್ಮೆಯೂ ಆ ಮನೆಯ ಹಾಲಿನೊಳಗೆ ಕೂತಿರಲಿಲ್ಲ. ಅದು ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ, ಅವಧೂತನಿಗೂ.

ರುದ್ರವ್ವ ಮುರುಗೆಪ್ಪನವರ ಹೆಂಡತಿ. ತ್ರಿವೇಣಿ ಒಬ್ಬಳೇ ಮಗಳು, ಒಂದು ಸಾರಿಗೆ ಕಂಪನಿಯ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವವಳು. ವರ್ಷ ಎರಡು ಸಾವಿರದ ಆರು.

೦.೩

ಚಹಾದ ಬಸಿ ಜಾರಿತು. (ವಾಕ್ಯ ಕೊನೆಗೂ ಒಳಗೆ ಬಂತು, ಕ್ಷಮಿಸಬೇಕು.) ಲಕ್ವಾ ಹೊಡೆದಿತ್ತು. ಬಲಗೈ ಹೋಯಿತು, ಮಾತು ಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಕಾಲು ಅಷ್ಟಿಷ್ಟು ಬಂತು. ಮಾತು ಬರಲಿಲ್ಲ.

ಇಲ್ಲಿ ರುದ್ರವ್ವ ಕತೆಯನ್ನು ತಡೆದು ನಿಲ್ಲಿಸಿದರು. ಅವರಿಗೆ ಬರೆಯುವವಳ ಮೇಲೆ ಸಿಟ್ಟಿತ್ತು.

"ಅಲ್ರಿ, ಜ್ವರಾ ಬರಸಿದ್ರ ಆಗತಿದ್ದಿಲ್ಲೇನು? ಕಾಲ ಮುರದ್ರ ಆಗತಿತ್ತು, ಜ್ವಾಕಿ ಮಾಡತಿದ್ದೆ. ಮಾತ ಯಾಕ ಕಸಗೊಂಡ್ರಿ?"

ಬರೆಯುವವಳು ಏನೇನೋ ಸಮಜಾಯಿಷಿ ಕೊಟ್ಟಳು. ಕತೆಗೆ ಬೇಕಾಗಿತ್ತು ಎಂದಳು. ಕಾಲು ಮುರಿದವರ ಬಗ್ಗೆ ಈಗಾಗಲೇ ಬಹಳ ಬರೆದಾಗಿದೆ ಎಂದಳು. ರುದ್ರವ್ವ ಪೂರ್ತಿ ಕೇಳಿಸಿಕೊಂಡರು, ಆಮೇಲೆ ಗಂಡನ ಬಾಯಿ ಒರೆಸಲು ಎದ್ದು ಹೋದರು. ಆ ಹೋಗುವುದರಲ್ಲೇ ಉತ್ತರ ಇತ್ತು.

೦.೩.೧

ಮಾತು ಕಲಿಸುವ ವೈದ್ಯರನ್ನು ಹುಡುಕಬೇಕೆಂದು ಆಸ್ಪತ್ರೆಯವರು ಹೇಳಿದ್ದರು. ಹಡಪಸರದಲ್ಲೇ ಒಬ್ಬ ಮೇಡಂ ಸಿಕ್ಕರು, ಒಳ್ಳೆಯ ಹೆಸರಿದ್ದವರು. ಅವರಿಗೆ ಕನ್ನಡ ಬರುತ್ತಿರಲಿಲ್ಲ. ರುದ್ರವ್ವ, ತ್ರಿವೇಣಿ ಇಬ್ಬರೂ ಮುಖ ನೋಡಿಕೊಂಡರು. ಮರಾಠಿ ಮೇಡಂ ಮನೆಗೆ ಬಂದು, ಅವರ ಎದುರಿಗೆ, ಹಾಲಿನೊಳಗೆ ಕೂತು ಮಾತಾಡುವುದೇ? ಎದ್ದು ಬಾಗಿಲ ಕಡೆ ಬೊಟ್ಟು ಮಾಡಲೂ ಆಗದ ಮನುಷ್ಯನ ಮುಂದೆ?

ಹುಡುಕಿ ಹುಡುಕಿ ಕೋಥ್ರೂಡಿನಲ್ಲಿ ಬೆಂಗಳೂರು ಕಡೆಯ ಒಬ್ಬರನ್ನು ಹಿಡಿದರು. ಎರಡು ಬಸ್ಸು ಬದಲಿಸಿ ಹೋಗಬೇಕು, ರಿಕ್ಷಾ ಆದರೆ ಅರ್ಧ ಪಗಾರ. ಆ ಮೇಡಂ ಮೊದಲ ದಿನವೇ ಕೇಳಬೇಕಾದ್ದನ್ನು ಕೇಳಿದರು.

"ಮನೇಲಿ ಯಾವ ಭಾಷೆ ಮಾತಾಡ್ತೀರಾ?"

"ಕನ್ನಡ. ಬರೇ ಕನ್ನಡ," ಎಂದರು ರುದ್ರವ್ವ. ಹೇಳುವಾಗ ಅವರ ಬೆನ್ನು ನೆಟ್ಟಗಾಯಿತು. ಆ ಕೋಣೆಯಲ್ಲಿ ಅವರಿಗೆ ಹೆಮ್ಮೆಯಿಂದ ಹೇಳಿಕೊಳ್ಳಲು ಇದ್ದದ್ದು ಅದೊಂದೇ.

ಚಿತ್ರಗಳು, ಶಬ್ದಗಳು ಶುರುವಾದವು. ನೀರು, ಅನ್ನ, ಮನೆ, ಮಗಳು. ಮನೆಯಲ್ಲಿ ಪರಿಚಿತ ಶಬ್ದಗಳು ಸದಾ ಕಣ್ಣ ಮುಂದೆ ಇರಲಿ, ಎಡಗೈಗೆ ಏನಾದರೂ ಕೆಲಸ ಕೊಡಿ, ಕಂಪ್ಯೂಟರ್ ಇದ್ದರೆ ಒಳ್ಳೆಯದು ಎಂದರು ಮೇಡಂ. ತ್ರಿವೇಣಿಯ ತಲೆಯಲ್ಲಿ ಬೀಜ ಬಿದ್ದದ್ದು ಆಗ.

೦.೫

(೦.೪ ಇಲ್ಲ. ಅದರಲ್ಲಿ ಯಾವ ಸೀಡಿ ಎಲ್ಲಿಂದ ಬಂತು, ಯಾವುದು ಯಾಕೆ ನಡೆಯಲಿಲ್ಲ ಎಂಬ ದೊಡ್ಡ ವರದಿ ಇತ್ತು. ತ್ರಿವೇಣಿಯೇ ಓದಿ ತೆಗೆಸಿದಳು. "ಇಷ್ಟ ಶಾಣ್ಯಾಕಿ ಮಾಡಬ್ಯಾಡ್ರಿ ನನ್ನ. ಅರ್ಧಾ ತಿಳೀತಿದ್ದಿಲ್ಲ ನನಗ," ಅಂದಳು. ಉಳಿದರ್ಧ ಬರೆಯುವವಳಿಗೂ ತಿಳಿದಿರಲಿಲ್ಲ.)

ಸಂಕ್ಷೇಪ ಇಷ್ಟು. ಆಫೀಸಿನವರು ತೆಗೆದುಹಾಕಿದ ಒಂದು ಹಳೆಯ ಕಂಪ್ಯೂಟರು ಮನೆಗೆ ಬಂತು. ಅದರಲ್ಲಿದ್ದ ವ್ಯವಸ್ಥೆ ಎಲ್ಲ ಆಫೀಸುಗಳಲ್ಲಿ ಇರುವಂಥದ್ದೇ. ಅದರ ಬಣ್ಣ ಬದಲಿಸಬಹುದು, ಚಿತ್ರ ಬದಲಿಸಬಹುದು. ಮಾತು ಬದಲಿಸುವಂತಿಲ್ಲ. ಅದು ಹೇಳಿದ್ದನ್ನು ನಾವು ಕೇಳಬೇಕು.

ತ್ರಿವೇಣಿಗೆ ಬೇಕಾದದ್ದು ಅಪ್ಪನ ಮನೆಯ ಮಾತನ್ನು ಆಡುವ ಕಂಪ್ಯೂಟರು. ಅಂಥದ್ದು ಉಂಟು ಎಂದು ಯಾರೋ ಹೇಳಿದರು: ಎಲ್ಲವನ್ನೂ ಬಿಚ್ಚಿ, ಬದಲಿಸಿ, ಮತ್ತೆ ಕಟ್ಟಬಹುದಾದ ಲಿನಕ್ಸ್. ಅದರಲ್ಲೂ ಬಗೆಬಗೆ. ಒಂದು ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದದ್ದು ನಾಲ್ಕು ಸೀಡಿ ನುಂಗಿ ಕೊನೆಗೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳನ್ನು ನಿಲ್ಲಿಸಿಕೊಂಡು ಕೂತಿತು. ಇನ್ನೊಂದು ಬಹಳ ಚೆಂದ ಇತ್ತು, ಆದರೆ ಹಳೆಯ ಯಂತ್ರ ಅದರ ಭಾರಕ್ಕೆ ಏದುಸಿರು ಬಿಟ್ಟಿತು. ಮೂರನೆಯದನ್ನು ಕೇಳಿದವರಿಗೆಲ್ಲ ಅಂಚೆಯಲ್ಲಿ ಪುಕ್ಕಟೆ ಕಳಿಸುತ್ತಿದ್ದರು. ಉಬುಂಟು ಎಂದು ಅದರ ಹೆಸರು. ಅಂಚೆಯವ ಆ ಲಕೋಟೆ ಕೊಟ್ಟಾಗ, ಪರದೇಶದಿಂದ ಏನೂ ತೆಗೆದುಕೊಳ್ಳದೆ ಏನನ್ನಾದರೂ ಯಾರಾದರೂ ಕಳಿಸುತ್ತಾರೆಯೇ ಎಂದು ರುದ್ರವ್ವ ಅದನ್ನು ಎರಡು ದಿನ ಒಡೆಯಗೊಡಲಿಲ್ಲ.

ಮೊದಲ ಪ್ರಶ್ನೆ: ಯಾವ ಭಾಷೆ? ಪಟ್ಟಿ ಉದ್ದ ಇತ್ತು. ತ್ರಿವೇಣಿ ಬಾಣದ ಕೀಲಿ ಒತ್ತುತ್ತ ಇಳಿದಳು. 'ಮರಾಠಿ' ಕಂಡಿತು, ಬೆರಳು ನಿಲ್ಲಲಿಲ್ಲ. 'ಕನ್ನಡ' ಕಂಡಿತು. ಎಲ್ಲಿಯೋ ಯಾರೋ, ಮುಖ ನೋಡದ ಜನ, ತನ್ನ ಅಪ್ಪನಿಗೂ ಒಂದು ಸಾಲು ಇಟ್ಟಿದ್ದಾರೆ ಅನ್ನಿಸಿತು. ಒತ್ತಿದಳು.

೦.೬

ಒಳಗೆ ಹೋದ ಮೇಲೆ ಗೊತ್ತಾಯಿತು, ಆ ಕನ್ನಡ ಅಪ್ಪನ ಕನ್ನಡವಲ್ಲ. ಅರ್ಧ ಇಂಗ್ಲಿಷಿನಲ್ಲೇ ಉಳಿದಿತ್ತು. ಉಳಿದರ್ಧದಲ್ಲಿ 'ಕಡತ', 'ಸಂಪಾದಿಸು', 'ನಿರ್ಗಮಿಸು'. ಮುರುಗೆಪ್ಪನವರು ಜೀವಮಾನದಲ್ಲಿ ಎಲ್ಲಿಂದಲೂ ನಿರ್ಗಮಿಸಿದವರಲ್ಲ. ಅವರು ಹೋಗಿಬರುತ್ತಿದ್ದರು.

ಆ ಶಬ್ದಗಳೆಲ್ಲ ಸಾದಾ ಅಕ್ಷರಗಳ ಕಡತಗಳಲ್ಲಿ (ನೋಡಿ, ಬರೆಯುವವಳಿಗೂ ಈ ಶಬ್ದ ಅಂಟಿತು) ಸಾಲುಸಾಲಾಗಿ ಇದ್ದವು. ಮೇಲೆ ಇಂಗ್ಲಿಷು, ಕೆಳಗೆ ಕನ್ನಡ. ಕೆಳಗಿನದನ್ನು ಅಳಿಸಿ ಬೇರೆ ಬರೆದು ಕಟ್ಟಿಬಿಟ್ಟರೆ ಪರದೆಯೂ ಬೇರೆ ಮಾತಾಡುತ್ತದೆ. ತ್ರಿವೇಣಿ ಭಾನುವಾರಗಳನ್ನು ಅದಕ್ಕೆ ಕೊಟ್ಟಳು. ರುದ್ರವ್ವ ಜೋಳ ಹಸನು ಮಾಡುತ್ತ ಪಕ್ಕದಲ್ಲಿ ಕೂತು ಶಬ್ದ ಕೊಟ್ಟರು. 'ತೆರೆ' ಹೋಗಿ 'ತೆಗಿ' ಬಂತು. 'ರದ್ದುಮಾಡು' ಹೋಗಿ 'ಬ್ಯಾಡ' ಬಂತು. 'ಸರಿ' ಇದ್ದಲ್ಲಿ 'ಹೂಂ'. ಕಸದ ಬುಟ್ಟಿಗೆ 'ತಿಪ್ಪಿ'. ನಿರ್ಗಮಿಸುವಲ್ಲಿ 'ಬರ್ತೀನಿ'. ಕಂಪ್ಯೂಟರನ್ನು ಬಂದ್ ಮಾಡುವ ಗುಂಡಿಗೆ ತ್ರಿವೇಣಿ 'ಆರಸು' ಎಂದು ಬರೆದಿದ್ದಳು. ರುದ್ರವ್ವ ಒಪ್ಪಲಿಲ್ಲ. ಮನೆಯಲ್ಲಿ ಬೇನೆಬಿದ್ದವರಿರುವಾಗ ಆರಿಸುವ ಮಾತು ಬೇಡ, ದೀಪಕ್ಕೆ ಅನ್ನುವಂತೆ 'ಶಾಂತ ಮಾಡು' ಅನ್ನಬೇಕು ಎಂದರು. ಹಾಗೇ ಆಯಿತು.

ಹುಮ್ಮಸ್ಸಿನಲ್ಲಿ ತ್ರಿವೇಣಿ ಈ ಶಬ್ದಗಳನ್ನು ಅನುವಾದಕರ ಮಿಂಚಂಚೆ ಗುಂಪಿಗೂ ಕಳಿಸಿದಳು. ಮಹಾಲಿಂಗ ಎಂಬುವರಿಂದ ಬಹಳ ಮರ್ಯಾದೆಯ ಉತ್ತರ ಬಂತು. ತಮ್ಮ ಶ್ರಮ ಮೆಚ್ಚುವಂಥದ್ದು, ಆದರೆ ಎಲ್ಲ ಕನ್ನಡಿಗರ ಪರದೆಯ ಮೇಲೆ 'ತಿಪ್ಪಿ' ಇಡಲಾಗದು, ತಮ್ಮ ಮನೆಯ ಯಂತ್ರದಲ್ಲಿ ಇಟ್ಟುಕೊಳ್ಳಲು ಯಾರ ಅಡ್ಡಿಯೂ ಇಲ್ಲ, ಅದಕ್ಕೇ ಅಲ್ಲವೇ ಇದು ಮುಕ್ತವಾಗಿರುವುದು. ತ್ರಿವೇಣಿ ಅದನ್ನು ಅವ್ವನಿಗೆ ಓದಿ ಹೇಳಿದಾಗ, ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಆ ಮನೆಯಲ್ಲಿ ಇಬ್ಬರು ಒಟ್ಟಿಗೆ ನಕ್ಕರು.

ಪರದೆಯನ್ನೂ ಸವರಿದಳು. ಬೇಡದ ಚಿತ್ರಗಳೆಲ್ಲ ಹೋದವು. ಅಕ್ಷರಗಳು ದೊಡ್ಡವಾದವು. ಮೌಸಿನ ಗುಂಡಿಗಳನ್ನು ಎಡಗೈಗೆ ತಿರುಗಿಸಿದಳು. ನಡುವೆ ಐದಾರು ಚಿತ್ರ ಮಾತ್ರ: ಮನಿ, ನೀರು, ಊಟ, ಅವ್ವ, ತ್ರಿವೇಣಿ. ಒತ್ತಿದರೆ ತ್ರಿವೇಣಿಯ ದನಿಯಲ್ಲಿ ಆ ಶಬ್ದ ಕೇಳಿಸುತ್ತದೆ.

ಒಬ್ಬ ಮನುಷ್ಯನಿಗೆ ಯಾವ ಐದಾರು ಶಬ್ದ ಸಾಕು ಎಂದು ಇನ್ನೊಬ್ಬರು ತೀರ್ಮಾನಿಸುವುದು. ಕತೆ ಬರೆಯುವವರು ದಿನಾ ಮಾಡುವ ಕೆಲಸವೇ. ಅವರಿಗೆ ಅದರಲ್ಲಿ ಅಂಜಿಕೆ ಆಗುವುದಿಲ್ಲ. ತ್ರಿವೇಣಿಗೆ ಆಯಿತು. ಆದರೂ ಮಾಡಿದಳು, ಬೇರೆ ದಾರಿ ಕಾಣದೆ.

೦.೭

ಮುರುಗೆಪ್ಪನವರನ್ನು ಕುರ್ಚಿಯಲ್ಲಿ ಕೂರಿಸಿದರು. ಅವರು ಪರದೆಯನ್ನು ನೋಡಿದರು. ಎಡಗೈಯನ್ನು ತ್ರಿವೇಣಿ ಮೌಸಿನ ಮೇಲೆ ಇಟ್ಟಳು. ಬಾಣ ಸ್ವಲ್ಪ ಸರಿಯಿತು, 'ಮನಿ' ಎಂಬುದರ ಮೇಲೆ ಹೋಗಿ ನಿಂತಿತು.

ಅವರು ಒತ್ತಲಿಲ್ಲ. ಬಹಳ ಹೊತ್ತು ಆ ಶಬ್ದವನ್ನು ನೋಡಿದರು, ನಿಲ್ದಾಣದಲ್ಲಿ ತಮ್ಮದಲ್ಲದ ಗಾಡಿಯ ಬೋರ್ಡನ್ನು ನೋಡುವ ಹಾಗೆ. ಆಮೇಲೆ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

ನಾಳೆ ನೋಡೋಣ ಎಂದುಕೊಂಡರು ತಾಯಿ, ಮಗಳು. ನಾಳೆಯೂ ಹಾಗೇ ಆಯಿತು. ತ್ರಿವೇಣಿ ಚಿತ್ರ ಬದಲಿಸಿದಳು, ಬಣ್ಣ ಬದಲಿಸಿದಳು. ಬೇಸಗೆ ಹೋಗಿ ಮಳೆ ಬಂತು. ಕೋಥ್ರೂಡಿನ ಮೇಡಂ, ಕೆಲವರಿಗೆ ಇಷ್ಟೇ ಇರಬಹುದು ಎಂದು ಮೆಲ್ಲಗೆ ಹೇಳಿದರು. ರುದ್ರವ್ವ ಬಿಡು ಎಂದರು. "ಅವರಿಗೆ ತಿಳಿಯಂಗಿಲ್ಲ ತಂಗಿ. ಒಳಗ ಏನೂ ಉಳದಿಲ್ಲ. ಸುಮ್ನ ಅವರನ್ನ ಯಾಕ ಕಾಡತಿ."

ಇಲ್ಲಿ ಕತೆ ಮುಗಿಸಬಹುದಿತ್ತು. ಒಂದು ಕರಡು ಇಲ್ಲೇ ಮುಗಿದಿತ್ತು ಕೂಡ. ಪರದೆ ತಾನಾಗಿ ಕಪ್ಪಾಗುತ್ತದೆ, ಅದರಲ್ಲಿ ಅಪ್ಪನ ಮುಖ ಕಾಣುತ್ತದೆ, ಇತ್ಯಾದಿ. ಅದನ್ನು ಓದಿದ ತ್ರಿವೇಣಿ ಹಾಳೆಯನ್ನು ಮಡಚಿ ವಾಪಸು ಕೊಟ್ಟಳು.

೦.೮

ಆಷಾಢದ ಒಂದು ಶನಿವಾರ ಅವಧೂತ ಬಂದ. ಹಿಂದೆಯೂ ಬಂದಿದ್ದ, ಗ್ಯಾಲರಿಯಲ್ಲೇ ನಿಂತು ರುದ್ರವ್ವನಿಂದ ಸಮಾಚಾರ ಕೇಳಿ ಹೋಗಿದ್ದ. ಒಳಗೆ ಬಾ ಎಂದು ಅವರೂ ಅಂದಿರಲಿಲ್ಲ, ಬರಲೇ ಎಂದು ಅವನೂ ಕೇಳಿರಲಿಲ್ಲ. ಈ ಸಲ ಮಳೆ ಗ್ಯಾಲರಿಯ ಒಳಗೇ ಹೊಡೆಯುತ್ತಿತ್ತು. ಅವನು ಪೂರ್ತಿ ತೊಯ್ದಿದ್ದ. ಇಷ್ಟು ವಯಸ್ಸಾದ ಮನುಷ್ಯನನ್ನು ಮಳೆಯಲ್ಲಿ ನಿಲ್ಲಿಸಿಕೊಂಡು ಮಾತಾಡಲು ರುದ್ರವ್ವನಿಗೆ ಆಗಲಿಲ್ಲ. ಬಾಗಿಲು ಪೂರ್ತಿ ತೆಗೆದರು.

ಅವಧೂತ ಹೊಸ್ತಿಲ ಮೇಲೆ ತಡೆದ. ಆಮೇಲೆ ದಾಟಿದ. ಕುರ್ಚಿಯಲ್ಲಿದ್ದ ಗೆಳೆಯನ ಎದುರಿಗೆ ನಿಂತು, ಟೋಪಿ ತೆಗೆದು, ಎಂದಿನ ಹಾಗೆ ಕೇಳಿದ.

"ಕಾಯ್ ಮುರುಗೆಪ್ಪಾ, ಕಸಂ ಕಾಯ್?" ಏನಪ್ಪಾ, ಹೇಗಿದ್ದಿ?

ಮುರುಗೆಪ್ಪನವರು ತಲೆ ಎತ್ತಿದರು. ಎಡಗೈ ಎದ್ದು ಪಕ್ಕದ ಸ್ಟೂಲನ್ನು ತೋರಿಸಿತು.

"ಬಸ್," ಎಂದರು. ಕೂತುಕೋ. ಒಡೆದ, ಒರಟು ದನಿ, ಆದರೆ ಶಬ್ದ ಅದೇ. "ಬಸ್ ನಾ. ಚಹಾ ಘೇ." ಚಹಾ ತಗೋ.

ರುದ್ರವ್ವ ಗೋಡೆ ಹಿಡಿದು ನಿಂತುಬಿಟ್ಟರು. ಅವಧೂತ ಕೂತ, ಅಳುತ್ತಲೇ ಕೂತ. ಒಳಕೋಣೆಯಿಂದ ತ್ರಿವೇಣಿ ಓಡಿ ಬಂದಳು. ಯಾರೂ ಚಹಾ ಮಾಡಲು ಹೋಗಲಿಲ್ಲ.

ಕೋಥ್ರೂಡಿನ ಮೇಡಂ ಆಮೇಲೆ ವಿವರಿಸಿದರು. ಎರಡು ಭಾಷೆ ಬಲ್ಲವರಿಗೆ ಹೀಗೆ ಆಗುವುದುಂಟು, ಒಂದು ಉಳಿದು ಇನ್ನೊಂದು ಹೋಗುತ್ತದೆ, ಯಾವುದು ಉಳಿಯುತ್ತದೆಂದು ಮೊದಲೇ ಹೇಳಲಾಗದು. ಆಡುವ ಮಾತಷ್ಟೇ ಅಲ್ಲ, ಕೇಳಿ, ಓದಿ ತಿಳಿಯುವುದೂ ಹಾಗೇ ಹೋಗಬಹುದು. ಮನೆಯ ಹೊರಗೆ ಯಾವ ಭಾಷೆ ಎಂದು ತಾನು ಕೇಳಲಿಲ್ಲವಲ್ಲ ಎಂದು ಅವರು ಪೇಚಾಡಿದರು. ಕೇಳಿದ್ದರೂ ಇವರು ಅದನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಆ ಮನೆಯಲ್ಲಿ ಮುರುಗೆಪ್ಪನವರ ಕಾನೂನನ್ನು ಮುರುಗೆಪ್ಪನವರ ಎದುರಿಗೆ ಮುರಿಯುವವರು ಯಾರಿದ್ದರು? ಅವರ ಮೇಲಿನ ಮರ್ಯಾದೆಯಿಂದಲೇ ತಿಂಗಳುಗಟ್ಟಲೆ ಅವರಿಗೆ ತಿಳಿಯುವ ಒಂದು ಶಬ್ದವನ್ನೂ ಯಾರೂ ಆಡಿರಲಿಲ್ಲ.

೦.೮.೧

ಓದುಗರು ಗಮನಿಸಿರಬಹುದು. ರುದ್ರವ್ವ ಬರೆಯುವವಳ ಜೊತೆ ಜಗಳಾಡಿದರು, ತ್ರಿವೇಣಿ ತಕರಾರು ಮಾಡಿದಳು. ಮುರುಗೆಪ್ಪನವರು ಮಾತ್ರ ಇಷ್ಟುದ್ದ ಕತೆಯಲ್ಲಿ ಒಮ್ಮೆಯೂ ತಡೆಯಲಿಲ್ಲ. ನನ್ನನ್ನು ಹೀಗೇಕೆ ಬರೆದಿ ಎಂದು ಕೇಳಲಿಲ್ಲ. ಮಾತು ಹೋದವರು, ಅದಕ್ಕೇ ಸುಮ್ಮನಿದ್ದಾರೆ ಎಂದು ಬರೆಯುವವಳು ನೆಮ್ಮದಿಯಿಂದ ಮುಂದುವರಿದಿದ್ದಳು.

ಕತೆ ಪೂರ್ತಿ ಅವರಿಗೆ ತಿಳಿಯದ ಭಾಷೆಯಲ್ಲಿತ್ತು.

೦.೯

ಇಲ್ಲಿಂದ ಕೊನೆಗಳು ಶುರುವಾಗುತ್ತವೆ.

ಮೊದಲನೆಯದು ಸಲೀಸು. ತ್ರಿವೇಣಿ ಕಂಪ್ಯೂಟರಿನ ಭಾಷೆ ಬದಲಿಸುತ್ತಾಳೆ. (ಬಲ್ಲವರು ಹೇಳುತ್ತಾರೆ, ಅದಕ್ಕೆ ಹೊಸದಾಗಿ ಏನೂ ಹಾಕಬೇಕಿಲ್ಲ, ಒಳಗೆ ಹೋಗುವ ಪರದೆಯ ಮೂಲೆಯಲ್ಲಿ ಒಂದು ಕ್ಲಿಕ್ಕು ಸಾಕು. ನಿಜ, ಒಂದೇ ಕ್ಲಿಕ್ಕು. ಅದರ ಮುಂದೆ ಅವಳು ಕುಕ್ಕರು ಕೂಗಿ ಕೂಗಿ ತಳ ಹತ್ತುವ ತನಕ ಕೂತಿದ್ದಳು.) ಅಲ್ಲಿದ್ದ ಮರಾಠಿಯೂ ಪುಸ್ತಕದ ಮರಾಠಿ. ಅದಕ್ಕೆ ಅವಧೂತ ದಿನಾ ಬಂದು ಹಾಲಿನಲ್ಲಿ ಕೂತು ಪಾರ್ಸಲ್ ಆಫೀಸಿನ ಶಬ್ದ ಕೊಟ್ಟ. ತಿಪ್ಪಿ ಹೋಗಿ ಭಂಗಾರ, ಅಂದರೆ ಗುಜರಿ, ಬಂತು. ರುದ್ರವ್ವ ಜೋಳದ ಮೊರ ಹಿಡಿದುಕೊಂಡು ಅಡಿಗೆಮನೆಗೆ ಸರಿದರು. ಮುರುಗೆಪ್ಪನವರು ಒತ್ತಿದರು. 'ಖಿಡಕೀ' ಎಂಬುದನ್ನು ಒತ್ತಿದರು, ಕಿಟಕಿ ತೆರೆಯಿತು. ಕೂಗಿ ಓದಿದರು. ವಾರ ಕಳೆಯುವಷ್ಟರಲ್ಲಿ ಸಣ್ಣ ಸಣ್ಣ ವಾಕ್ಯ ಬಂದವು.

ಈ ಕೊನೆ ಸುಖಾಂತ. ತೊಡಕು ಇದ್ದದ್ದು ಆ ಬಂದ ವಾಕ್ಯಗಳಲ್ಲೇ. ಅವೆಲ್ಲ ಕೌಂಟರಿನ ವಾಕ್ಯಗಳು. ಮರಾಠಿಯಲ್ಲಿ ಮುರುಗೆಪ್ಪನವರಿಗೆ ಗೆಳೆಯನೊಬ್ಬ ಇದ್ದ, ಗಿರಾಕಿಗಳಿದ್ದರು. ಹೆಂಡತಿ ಮಕ್ಕಳು ಇರಲಿಲ್ಲ. ಚಹಾ ತಂದ ರುದ್ರವ್ವನಿಗೆ ಅವರು ಬಹಳ ಸೌಜನ್ಯದಿಂದ, "ಪಾವತೀ ಆಹೇ ಕಾ, ಬಾಈ?" ಎಂದು ಕೇಳಿದರು. ರಸೀದಿ ಇದೆಯೇ, ಅಮ್ಮಾ?

ರುದ್ರವ್ವ ಚಹಾ ಇಟ್ಟು ಒಳಗೆ ಬಂದು ಒಲೆಯ ಕಡೆ ಮುಖ ಮಾಡಿ ನಿಂತರು. "ಬಾಈ ಅಂದ್ರು ನನಗ," ಎಂದರು. "ಇಷ್ಟ ದಿನಾ ಸುಮ್ನ ಇದ್ರು. ಸುಮ್ನ ಇದ್ದಾಗ ನನ್ನವರಿದ್ರು."

ಎರಡನೆಯ ಕೊನೆ: ಎರಡನ್ನೂ ಇಡುವುದು. ಒಂದೇ ಯಂತ್ರ, ಎರಡು ಖಾತೆ. ಬೆಳಿಗ್ಗೆ ಮರಾಠಿ, ಸಂಜೆ ಕನ್ನಡ. ತ್ರಿವೇಣಿ ಮಾಡಿಯೂ ನೋಡಿದಳು. ಸಂಜೆಯ ಪರದೆಯ ಮುಂದೆ ಅವರು ಮತ್ತೆ ಕೈ ತೊಡೆಯ ಮೇಲೆ ಇಟ್ಟುಕೊಂಡರು. ಅವರನ್ನು ದಿನಾ ಸಂಜೆ ಹೀಗೆ ಮೂಕರನ್ನಾಗಿ ಮಾಡುವುದು ಎಂಥ ನ್ಯಾಯ ಎಂದು ಅವಳೇ ಬಿಟ್ಟಳು.

ಮೂರನೆಯದನ್ನು ತ್ರಿವೇಣಿ ಬರೆಯುವವಳ ಹತ್ತಿರ ಕೇಳಿಕೊಂಡಳು. ಅವಳು ಏನನ್ನಾದರೂ ಕೇಳಿದ್ದು ಅದೊಂದೇ ಸಲ.

"ಒಂದ ಶಬ್ದ ಕೊಡ್ರಿ ಅವರಿಗೆ, ಕನ್ನಡದಾಗ. ಸಣ್ಣಾಕಿದ್ದಾಗ ನನಗ 'ಯವ್ವಾ' ಅಂತ ಕರೀತಿದ್ರು. ಅದೊಂದ ಸಾಕ್ರಿ. ನಿಮಗೇನ, ಬರದ್ರ ಆತು."

ಆಗದ್ದೇನಲ್ಲ. ಬರೆಯಲಾಯಿತು. 'ಮುರುಗೆಪ್ಪನವರು ಮಗಳ ಕಡೆ ತಿರುಗಿದರು. ಯವ್ವಾ, ಎಂದರು.' ಎರಡು ವಾಕ್ಯ, ಯಾವ ಕಷ್ಟವೂ ಇಲ್ಲ. ಅದನ್ನು ಓದುವ ಓದುಗರ ಕಣ್ಣೂ ಒದ್ದೆಯಾಗುತ್ತಿತ್ತು.

ತ್ರಿವೇಣಿ ಅದನ್ನು ಮೂರು ಸಲ ಓದಿದಳು.

"ತಗೀರಿ," ಎಂದಳು. "ನಾ ಪರದಾ ಮ್ಯಾಲ ಶಬ್ದ ಇಟ್ಟಂಗ ನೀವು ಅವರ ಬಾಯಾಗ ಇಟ್ಟೀರಿ. ಅವರ ದನೀ ಅಲ್ಲ ಇದು."

ಆಮೇಲೆ, ಯಾರಿಗೋ ಎಂಬಂತೆ, "ಮಾತ ಬಂದ್ರ ಅವರೂ ಬರ್ತಾರ ಅನ್ಕೊಂಡಿದ್ದೆ," ಎಂದಳು.

ಆ ಎರಡು ವಾಕ್ಯಗಳನ್ನು ತೆಗೆಯಲಾಗಿದೆ. ತೆಗೆದದ್ದು ನಿಮಗೆ ಕಾಣಿಸುತ್ತಿದೆ, ಅದಕ್ಕೇನೂ ಮಾಡುವಂತಿಲ್ಲ.

೦.೯.೧

ನಡೆದದ್ದು ಇಷ್ಟು.

ಒಂದು ಭಾನುವಾರ ಬೆಳಿಗ್ಗೆ ರುದ್ರವ್ವ ಕೆಳಗೆ ತರಕಾರಿ ಗಾಡಿಗೆ ಹೋಗಿದ್ದರು. ಮುರುಗೆಪ್ಪನವರು ಪರದೆಯ ಮುಂದೆ ಕೂತಿದ್ದರು, ತ್ರಿವೇಣಿ ಪಕ್ಕದ ಸ್ಟೂಲಿನ ಮೇಲೆ. ಇಷ್ಟು ದಿನ ಅವಳು ಪರದೆಯಲ್ಲಿ ಮರಾಠಿ ಇಟ್ಟಿದ್ದಳು, ಅವಧೂತನ ಬಾಯಲ್ಲಿ ಮರಾಠಿ ಆಡಿಸಿದ್ದಳು. ತಾನು ಅಪ್ಪನ ಜೊತೆ ಮರಾಠಿಯ ಒಂದು ಶಬ್ದವನ್ನೂ ಆಡಿರಲಿಲ್ಲ. ಆಫೀಸಿನಲ್ಲಿ, ಬಸ್ಸಿನಲ್ಲಿ, ಪೇಟೆಯಲ್ಲಿ ನೀರು ಕುಡಿದಂತೆ ಆಡುವ ಭಾಷೆ. ಅದೇ ಹೊತ್ತಿಗೆ ದೌಂಡದಲ್ಲಿ ಅಪ್ಪನೂ ಆಡುತ್ತಿದ್ದ ಭಾಷೆ. ದಿನದ ಅರ್ಧ ಇಬ್ಬರೂ ಬದುಕಿದ್ದು ಅದರಲ್ಲೇ, ಆದರೆ ಅಲ್ಲಿ ಒಬ್ಬರನ್ನೊಬ್ಬರು ಕಂಡವರೇ ಅಲ್ಲ.

ಪರದೆಯಿಂದ ಕಣ್ಣು ತೆಗೆದು ಮುರುಗೆಪ್ಪನವರು ಅವಳನ್ನು ನೋಡಿದರು. ಬಹಳ ಹೊತ್ತಿನಿಂದ ಸರದಿಯಲ್ಲಿ ನಿಂತವಳನ್ನು ಈಗ ಕಂಡಂತೆ, ಕಾಯಿಸಿದ್ದಕ್ಕೆ ಸಂಕೋಚಪಟ್ಟಂತೆ.

"ತಾಈ," ಎಂದರು, "ತುಮ್ಹೀ ಕುಠಲ್ಯಾ?" ಅಕ್ಕಾ, ನೀವು ಎಲ್ಲಿಯವರು?

ಗುರುತಿಲ್ಲದೆ ಕೇಳಿದರೋ. ಗುರುತು ಇದ್ದು, ಮಾತಾಡಿಸುವ ಆಸೆಯಾಗಿ, ಬಾಯಿಗೆ ಸಿಕ್ಕ ವಾಕ್ಯ ಅದೊಂದೇ ಆಗಿತ್ತೋ. ಬರೆಯುವವಳಿಗೆ ಗೊತ್ತಿಲ್ಲ. ಗೊತ್ತಿದೆ ಎಂದು ಬರೆಯುವ ಹಕ್ಕೂ ಇಲ್ಲ. ಅವರ ಕಣ್ಣಲ್ಲಿ ಎರಡಕ್ಕೂ ಜಾಗ ಇತ್ತು.

ತ್ರಿವೇಣಿ ಮುಚ್ಚಿದ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡಳು.

"ಇಥಲೀಚ್," ಎಂದಳು. ಇಲ್ಲಿಯವಳೇ.

ಅಪ್ಪ ತಲೆಯಾಡಿಸಿದರು. ಉತ್ತರ ಸಿಕ್ಕ ಸಮಾಧಾನ ಮುಖದ ಮೇಲೆ ನಿಧಾನ ಹರಡಿತು. ಕುರ್ಚಿಯ ಕೈಯ ಮೇಲಿದ್ದ ಅವಳ ಕೈಯ ಹತ್ತಿರ ತಮ್ಮ ಎಡಗೈ ತಂದಿಟ್ಟರು, ತಾಗಿಸಲಿಲ್ಲ.

"ಆಣಿ ವಡೀಲ?" ಎಂದರು. ಮತ್ತೆ ತಂದೆ? "ವಡೀಲ ಕಾಯ್ ಕರತಾತ್?" ತಂದೆ ಏನು ಮಾಡುತ್ತಾರೆ?

ತ್ರಿವೇಣಿ ಹೇಳಲು ಶುರು ಮಾಡಿದಳು. ದೌಂಡದಿಂದ ಶುರು ಮಾಡಿದಳು. ಅವರು ಬಾಗಿ, ಬಹಳ ಆಸಕ್ತಿಯಿಂದ, ಒಂದು ಶಬ್ದವೂ ತಪ್ಪದ ಹಾಗೆ ಕೇಳುತ್ತಿದ್ದರು. ನಡುವೆ ಒಮ್ಮೆ, "ಮಗ?" ಎಂದರು. ಮುಂದೆ?

ಅವಳು ಹೇಳುತ್ತಿದ್ದಾಳೆ. ಮೆಟ್ಟಿಲ ಮೇಲೆ ರುದ್ರವ್ವನ ಹೆಜ್ಜೆ ಕೇಳಿಸುತ್ತಿದೆ, ಅವಳು ದನಿ ತಗ್ಗಿಸಿಲ್ಲ.